ಸೀಮೆಸುಣ್ಣಕ್ಕೆ ಬಂದ ಹೊಸ ಮಾಲೀಕ

ತಿಪಟೂರಿನ ಒಂದು ಶಾಲೆಯಲ್ಲಿ ಚಂದ್ರಪ್ರಭ ಎಂಬ ಕಂಪ್ಯೂಟರ್ ಟೀಚರ್ ಇದ್ದರು. ಬಿಡುವಿನ ವೇಳೆಯಲ್ಲಿ ಅವರು ಬ್ರೌಸರಿಗೆ ಹಾಕಿಕೊಳ್ಳುವ ಒಂದು ಪುಟ್ಟ ಆ್ಯಡ್-ಆನ್ ಮಾಡಿದರು. ಅದರ ಹೆಸರು 'ಸೀಮೆಸುಣ್ಣ'. ಅದನ್ನು ಹಾಕಿಕೊಂಡರೆ ಇಂಟರ್ನೆಟ್ಟಿನ ಯಾವ ಪುಟವಾದರೂ ಕರಿಹಲಗೆ ಆಗಿಬಿಡುತ್ತಿತ್ತು. ಮಕ್ಕಳು ಅದರ ಮೇಲೆ ಗೀಚಬಹುದು, ಬಣ್ಣ ಬಳಿಯಬಹುದು. 'ನದಿ' ಎಂಬ ಪದದಿಂದ ಗೆರೆ ಎಳೆದರೆ ಗೆರೆ ನೀಲಿಯಾಗಿ ಹರಿಯುತ್ತಿತ್ತು. ಮೂಲೆಯಲ್ಲಿ ಕೂತ ಕಪ್ಪೆಯ ಚಿತ್ರ ಒತ್ತಿದರೆ ವಾಕ್ಯದ ಪದಗಳೆಲ್ಲ ಕುಪ್ಪಳಿಸಿ ಚೆದುರುತ್ತಿದ್ದವು. ಹಿಡಿದು ತಂದು ಸಾಲಾಗಿ ಕೂರಿಸಬೇಕು.

ಎಲ್ಲವೂ ಪ್ರಯೋಗವೇ. ಒಮ್ಮೆ ಏನೋ ಎಡವಟ್ಟಾಗಿ ಪುಟವೇ ತಲೆಕೆಳಗಾಗಿತ್ತು. ಸರಿ ಮಾಡಲು ಮಕ್ಕಳು ಬಿಡಲಿಲ್ಲ. ಬೆಂಚಿನ ಮೇಲೆ ಮಲಗಿ, ತಲೆ ಇಳಿಬಿಟ್ಟು ಓದಿದರು.

ಚಂದ್ರಪ್ರಭ ತಾವು ಮಾಡಿದ ಬಗೆಯನ್ನು ಬಚ್ಚಿಡಲಿಲ್ಲ. ಬರೆದ ಒಂದೊಂದು ಸಾಲನ್ನೂ ಎಲ್ಲರಿಗೂ ಕಾಣುವಂತೆ ಇಂಟರ್ನೆಟ್ಟಿನಲ್ಲಿ ಇಟ್ಟರು. ಯಾರು ಬೇಕಾದರೂ ಒಯ್ಯಿರಿ, ನಿಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಿ ಎಂದರು. ಓಪನ್ ಸೋರ್ಸ್ ಅನ್ನುವುದು ಇದಕ್ಕೇ. ಸರಕನ್ನು ಬಿಟ್ಟಿ ಹಂಚುತ್ತಾಳಲ್ಲ ಎಂದು ನಗಬೇಡಿ. ಬೀದರಿನ ಸಂಗಶೆಟ್ಟಿ ಎಂಬ ಮೇಷ್ಟ್ರು ಅದನ್ನು ಒಯ್ದು, ಲೆಕ್ಕದ ಪಾಠಕ್ಕೆ ಅಳತೆಪಟ್ಟಿ ಸೇರಿಸಿ ವಾಪಸು ಕೊಟ್ಟರು. ಊರೂರಿನ ಶಾಲೆಗಳು ಅದನ್ನು ಹಾಕಿಕೊಂಡವು. ಕೊಟ್ಟದ್ದು ಬೆಳೆದು ಬಂತು. ಇದು ಲಾಭವಲ್ಲದೆ ಇನ್ನೇನು?

ಒಂದನ್ನು ಮಾತ್ರ ಅವರು ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರು: ಹೊಸ ಆವೃತ್ತಿಯನ್ನು ಕಳಿಸುವ ಅಧಿಕಾರ. ಇದೊಂದು ವಿಚಿತ್ರ ವ್ಯವಸ್ಥೆ, ಗಮನವಿಟ್ಟು ಕೇಳಿ. ನೀವು ಆ್ಯಡ್-ಆನ್ ಹಾಕಿಕೊಂಡ ಮೇಲೆ, ಮಾಲೀಕರು ಹೊಸದನ್ನು ಕಳಿಸಿದರೆ ಅದು ತಾನಾಗಿಯೇ ಬಂದು ನಿಮ್ಮ ಕಂಪ್ಯೂಟರಿನಲ್ಲಿ ಕೂರುತ್ತದೆ. ನಿಮ್ಮನ್ನು ಕೇಳುವುದಿಲ್ಲ. ಬಂದದ್ದು ನಿಮಗೆ ಗೊತ್ತೂ ಆಗುವುದಿಲ್ಲ.

ಸುಹಾಸ್ ಎಂಬ ಹೆಸರಿನವನೊಬ್ಬ ಇಂಟರ್ನೆಟ್ಟಿನಲ್ಲೇ ಪರಿಚಯವಾದ. ಕೆಟ್ಟುಹೋದದ್ದನ್ನು ರಿಪೇರಿ ಮಾಡಿ ಕಳಿಸುತ್ತಿದ್ದ. ಚಂದ್ರಪ್ರಭ ಅವನು ಬರೆದ ಸಾಲುಗಳನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಒಂದು ತಪ್ಪೂ ಸಿಗುತ್ತಿರಲಿಲ್ಲ. ಪರೀಕ್ಷೆಯ ಕಾಲ ಬಂತು. ಪೇಪರ್ ತಿದ್ದುವುದರಲ್ಲೇ ಅವರು ಸುಸ್ತು. ಅದೇ ಹೊತ್ತಿಗೆ ಸುಹಾಸ್ ಬರೆದ: "ಮೇಡಂ, ನೀವ್ಯಾಕೆ ಇಷ್ಟು ಕಷ್ಟಪಡ್ತೀರಿ? ಹೊಸದನ್ನು ಕಳಿಸೋ ಅಧಿಕಾರ ನನಗೂ ಕೊಟ್ಟುಬಿಡಿ. ನಾನು ನೋಡಿಕೊಳ್ತೀನಿ."

ಚಂದ್ರಪ್ರಭ ಈ ಮಾತನ್ನು ಅಕ್ಕ ಕಾತ್ಯಾಯಿನಿಗೆ ಹೇಳಿದರು. ಅಕ್ಕನದು ಶಾಲೆಯ ಎದುರೇ ಪೆನ್ನು, ನೋಟ್‌ಬುಕ್ಕಿನ ಅಂಗಡಿ.

"ಯಾವೂರೋನೇ ಅವನು?" ಎಂದಳು ಅಕ್ಕ.

"ಗೊತ್ತಿಲ್ಲ ಕಣೇ."

"ಮುಖ ನೋಡಿದೀಯಾ?"

"ಇಲ್ಲ. ಆದ್ರೆ ಅವನು ಬರೆದಿದ್ದನ್ನ ಒಂದಕ್ಷರ ಬಿಡದೆ ನೋಡಿದೀನಿ. ಅಷ್ಟು ಅಚ್ಚುಕಟ್ಟಾಗಿ ಬರೆಯೋನು ಕೆಟ್ಟವನಿರ್ತಾನಾ ಅಕ್ಕ?"

"ಅಯ್ಯೋ ದಡ್ಡಿ! ನನಗೆ ಸುಳ್ಳು ಚೆಕ್ಕು ಕೊಟ್ಟು ಹೋದನಲ್ಲ, ಅವನ ಸಹಿ ನೋಡ್ಬೇಕಿತ್ತು ನೀನು. ಮುತ್ತು ಪೋಣಿಸಿದ ಹಾಗಿತ್ತು."

"ನಿನಗೆ ಎಲ್ರೂ ಕಳ್ಳ ಗಿರಾಕಿಗಳೇ," ಎಂದು ಚಂದ್ರಪ್ರಭ ನಕ್ಕರು. ಮನೆಗೆ ಹೋಗಿ ಸುಹಾಸನನ್ನು ಸೀಮೆಸುಣ್ಣಕ್ಕೆ ಮಾಲೀಕನಾಗಿ ಸೇರಿಸಿದರು.

ಪರೀಕ್ಷೆ ಮುಗಿಯಿತು. ಶಾಲೆ ಮತ್ತೆ ಶುರುವಾಯಿತು. ಆರನೇ ತರಗತಿಯ ಮಕ್ಕಳು ಕಂಪ್ಯೂಟರ್ ಕೋಣೆಯಲ್ಲಿ ಕಾಮನಬಿಲ್ಲಿನ ಪಾಠಕ್ಕೆ ಬಣ್ಣ ಬಳಿಯುತ್ತಿದ್ದರು. ಫರ್ಹಾನಾ ಎಂಬ ಹುಡುಗಿ ಕೈ ಎತ್ತಿದಳು.

"ಮಿಸ್, ಕೆಂಪು ಸಿಕ್ತು. ನೀಲಿ ಸಿಕ್ತಾ ಇಲ್ಲ."

"ಯಾಕಮ್ಮ?"

"ಕೆಂಪಿಗೆ ಅಮ್ಮಿ ನಂಬರ್ ಕೊಟ್ಟೆ ಮಿಸ್. ನೀಲಿಗೆ ಅಬ್ಬಾದು ಕೇಳ್ತಿದೆ. ಅಬ್ಬಾ ನಂಬರ್ ನಂಗೆ ಬಾಯಿಗೆ ಬರಲ್ಲ."

ಚಂದ್ರಪ್ರಭ ಅವಳ ಬಳಿಗೆ ಓಡಿಹೋಗಿ ನೋಡಿದರು. ಪುಟದ ನಡುವೆ ಒಂದು ಚೌಕ. 'ಬಣ್ಣ ಬೇಕೇ? ಮೊದಲು ಅಮ್ಮನ ಫೋನ್ ನಂಬರ್ ಬರೆಯಿರಿ.' ಪಕ್ಕದಲ್ಲಿ ಅವರೇ ಬರೆದ ಕಪ್ಪೆ ನಗುತ್ತಾ ಕೂತಿತ್ತು!

"ಮಿಸ್, ನಂಗೆ ಹಸಿರೂ ಸಿಕ್ತು!" ಹಿಂದಿನ ಸಾಲಿನಿಂದ ಒಬ್ಬ ಕೂಗಿದ. "ಹೆಸರು, ಕ್ಲಾಸು, ಮನೆ ಅಡ್ರೆಸ್ ಎಲ್ಲ ಕೊಟ್ಟೆ!"

ಒಂದು ಮಗುವಿಗೂ ಅನುಮಾನ ಬಂದಿರಲಿಲ್ಲ. ಯಾಕೆ ಬರಬೇಕು? ಮಿಸ್ ಮಾಡಿದ್ದಲ್ಲವೇ!

ಅವರು ಎಲ್ಲ ಕಂಪ್ಯೂಟರುಗಳ ಸ್ವಿಚ್ಚನ್ನೂ ಆರಿಸಿದರು. ಸ್ಟಾಫ್ ರೂಮಿಗೆ ಹೋಗಿ ಅದನ್ನು ಸರಿಮಾಡಲು ಕೂತರು. 'ಇದನ್ನು ಬದಲಿಸಲು ನಿಮಗೆ ಅಧಿಕಾರವಿಲ್ಲ' ಎಂದು ಬಂತು. ಮತ್ತೆ ಪ್ರಯತ್ನಿಸಿದರು. ಮತ್ತೆ ಅದೇ. ಮಾಲೀಕರ ಜಾಗದಲ್ಲಿ ಒಂದೇ ಹೆಸರು ಉಳಿದಿತ್ತು, ಅದು ಅವರದಲ್ಲ. ಅವರು ಕಟ್ಟಿದ ಮನೆಯಿಂದ ಅವರನ್ನೇ ಹೊರಹಾಕಿ ಸುಹಾಸ್ ಬಾಗಿಲು ಹಾಕಿದ್ದ. ಸುಹಾಸನಿಗೆ ಬರೆದರು. ಉತ್ತರವಿಲ್ಲ.

ಮಧ್ಯಾಹ್ನ ಒಬ್ಬ ತಾಯಿಯ ಫೋನ್. "ಟೀಚರ್, ಯಾರೋ ಗಂಡಸು ಫೋನ್ ಮಾಡಿದ್ದ. ನನ್ನ ಮಗಳ ಹೆಸರು, ಕ್ಲಾಸು ಎಲ್ಲ ಹೇಳ್ದ. ಟ್ಯೂಷನ್‌ಗೆ ಸೇರಿಸಿ ಅಂದ. ಅವನಿಗೆ ಹೆಂಗೆ ಗೊತ್ತು ಟೀಚರ್?"

ಚಂದ್ರಪ್ರಭ ಫೋನಿಟ್ಟು ಎದ್ದರು.

ಹೆಡ್ ಮಾಸ್ಟರ್ ರೇಣುಕಾರಾಧ್ಯರ ಬಳಿ ಹೋಗಿ ನಡೆದದ್ದನ್ನು ಹೇಳಿ, ಎಲ್ಲ ಶಾಲೆಗಳಿಗೂ ತಿಳಿಸುತ್ತೇನೆ ಎಂದರು. ರೇಣುಕಾರಾಧ್ಯರು ಎದ್ದು ಬಾಗಿಲು ಮುಚ್ಚಿ ಬಂದರು. "ಸುಮ್ನಿರಿ ಮೇಡಂ. ಮುಂದಿನ ವಾರ ಶಿಕ್ಷಣ ಇಲಾಖೆ ಸಾಹೇಬ್ರು ಸೀಮೆಸುಣ್ಣ ನೋಡೋಕೇ ಬರ್ತಿದಾರೆ. ನಮ್ಮ ಮಕ್ಕಳ ಕಂಪ್ಯೂಟರಿಂದ ತೆಗೆಸಿಬಿಡಿ, ಸಾಕು. ಬೇರೆ ಊರೋರಿಗೆಲ್ಲ ಡಂಗುರ ಹೊಡೆದ್ರೆ ನಿಮ್ಮ ಹೆಸರೂ ಹೋಗುತ್ತೆ, ಸ್ಕೂಲಿನ ಹೆಸರೂ ಹೋಗುತ್ತೆ."

"ಸಾರ್, ನಾನು ಬಾಯಿ ಮುಚ್ಚಿಕೊಂಡು ಕೂತಷ್ಟು ಹೊತ್ತೂ ಎಲ್ಲೋ ಒಂದು ಮಗು ನೀಲಿ ಬಣ್ಣಕ್ಕೆ ಅಪ್ಪನ ನಂಬರ್ ಬರೀತಾ ಇರುತ್ತೆ."

ಅಲ್ಲೇ ನಿಂತು, ಗೊತ್ತಿದ್ದ ಎಲ್ಲ ಶಾಲೆಗಳ ವಾಟ್ಸಾಪ್ ಗುಂಪುಗಳಿಗೂ ಕಳಿಸಿದರು: 'ಸೀಮೆಸುಣ್ಣ ಮಾಡಿದವಳು ನಾನೇ. ಅದನ್ನು ಈಗಲೇ ಕಿತ್ತುಹಾಕಿ. ಕಂಡರಿಯದ ಮನುಷ್ಯನಿಗೆ ಅದರ ಅಧಿಕಾರ ಕೊಟ್ಟೆ. ಈಗ ಅದು ಮಕ್ಕಳಿಂದ ಮನೆಯ ವಿವರ ಕೇಳುತ್ತಿದೆ. ದಯವಿಟ್ಟು ಕಿತ್ತುಹಾಕಿ.'

ಎಂಥ ಗತಿ ನೋಡಿ! ನಿದ್ದೆಗೆಟ್ಟು ಮಾಡಿದ್ದನ್ನು ಬಿಸಾಡಿರೆಂದು ತಾವೇ ಊರೂರಿಗೆ ಕೈಮುಗಿಯಬೇಕಾಯಿತು. ಕೆಲವರು ಥ್ಯಾಂಕ್ಸ್ ಹೇಳಿದರು. ಹಲವರು ಉಗಿದರು. ಟೀಚರೇ ನಂಬರುಗಳನ್ನು ಮಾರಿಕೊಂಡಿರಬೇಕು ಎಂದವರೂ ಇದ್ದರು. ಸಾಹೇಬರು ಬರಲಿಲ್ಲ. ಚಂದ್ರಪ್ರಭ ಪೊಲೀಸರಿಗೆ ದೂರು ಕೊಟ್ಟರು. ಹುಡುಕಿದರೆ ಸುಹಾಸ್ ಎಂಬ ಮನುಷ್ಯನೇ ಇರಲಿಲ್ಲ.

ಹಾಗಾದರೆ ಎಲ್ಲವೂ ಹಾಳಾಯಿತೇ? ಇಲ್ಲ. ಅವನು ಕಿತ್ತುಕೊಂಡದ್ದು ಹೆಸರನ್ನು ಮತ್ತು ಬಾಗಿಲನ್ನು. ಬರೆದ ಸಾಲುಗಳನ್ನು ಕಿತ್ತುಕೊಳ್ಳುವುದು ಹೇಗೆ? ಅವು ಎಲ್ಲರ ಬಳಿಯೂ ಇದ್ದವಲ್ಲ! ಎಲ್ಲರಿಗೂ ಕೊಟ್ಟದ್ದು ಉಳಿದಿತ್ತು. ಒಬ್ಬನಿಗೆ ಕೊಟ್ಟದ್ದೇ ಹೋಗಿತ್ತು.

ಸಂಗಶೆಟ್ಟಿ ಮೇಷ್ಟ್ರು ಬೀದರಿನಿಂದ ರೈಲು ಹತ್ತಿ ಬಂದರು. "ಮೊದಲು ನನ್ನ ಮಾರಿ ನೋಡ್ರಿ ಟೀಚರ್, ಆಮ್ಯಾಲೆ ಕೆಲಸ," ಎಂದು ಮುಖ ಮುಂದೆ ಮಾಡಿದರು. ಇಬ್ಬರೂ ಎದುರುಬದುರು ಕೂತು ಹಳೆಯ ಸಾಲುಗಳಿಂದಲೇ 'ಬಳಪ' ಎಂಬ ಬೇರೆ ಆ್ಯಡ್-ಆನ್ ಎಬ್ಬಿಸಿದರು. ಇಬ್ಬರೂ ನೋಡಿ ಒಪ್ಪದೆ ಅದರಿಂದ ಹೊಸದೇನೂ ಹೊರಡಬಾರದು ಎಂದು ಕಟ್ಟು ಮಾಡಿಕೊಂಡರು.

ಬಳಪ ಬಂದ ದಿನ ಮಕ್ಕಳನ್ನು ಕಂಪ್ಯೂಟರ್ ಕೋಣೆಗೆ ಕರೆದರು. ಎಲ್ಲರೂ ಗೀಚತೊಡಗಿದರು. ಫರ್ಹಾನಾ ಮಾತ್ರ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಯಾಕಮ್ಮ, ನೀಲಿ ಬೇಡ್ವಾ?"

"ಬೇಕು ಮಿಸ್," ಎಂದಳು ಮೆಲ್ಲಗೆ. "ಅಬ್ಬಾ ನಂಬರ್ ಈಗ ಬಾಯಿಪಾಠ ಮಾಡ್ಕೊಂಡು ಬಂದಿದೀನಿ. ಎಲ್ಲಿ ಬರೀಲಿ?"

ಆ್ಯಡ್-ಆನ್ ಹೋಗಿತ್ತು; ಅದು ಕಲಿಸಿದ ಪಾಠ ಹೋಗಿರಲಿಲ್ಲ. ಚಂದ್ರಪ್ರಭ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತು, ಆ ಪಾಠವನ್ನು ಮೊದಲಿನಿಂದ ಅಳಿಸಲು ಶುರುಮಾಡಿದರು.

ನೀತಿ: ನಿಮ್ಮ ವಿದ್ಯೆಯನ್ನು ಊರಿಗೆಲ್ಲ ಹಂಚಿ, ನಷ್ಟವಿಲ್ಲ. ಆದರೆ ನಿಮ್ಮನ್ನು ನಂಬಿದವರ ಮನೆಯೊಳಕ್ಕೆ ಹೋಗುವ ಅಧಿಕಾರವನ್ನು ಕೆಲಸದ ಅಂದ ನೋಡಿ ಯಾರಿಗೂ ಕೊಡಬೇಡಿ. ಮನುಷ್ಯನನ್ನು ಅರಿತು ಕೊಡಿ. ವಿದ್ಯೆ ನಿಮ್ಮದು, ಧಾರಾಳವಾಗಿ ಕೊಡಬಹುದು. ನಂಬಿಕೆ ಅವರದು, ಅದನ್ನು ದಾನ ಮಾಡುವ ಹಕ್ಕು ನಿಮಗಿಲ್ಲ.