ಕಂಬದ ಬಳಿ ನಿಂತವನು

“ಗುರುಗಳೇ, ಎಂದೋ ಮಾಡಿದ ತಪ್ಪನ್ನು ಈಗ ಹೋಗಿ ಒಪ್ಪಿಕೊಂಡರೆ ಒಳ್ಳೆಯದೇ ಅಲ್ಲವೇ?” ಎಂದು ಶಿಷ್ಯ ಮಹಾಬಲ ಕೇಳಿದ.

ಹನ್ನೆರಡು ವರ್ಷಗಳಿಂದ ಒಳಗಿಟ್ಟುಕೊಂಡಿದ್ದ ಒಂದು ಸಂಗತಿಯನ್ನು ತನ್ನ ಅಣ್ಣನಿಗೆ ಹೇಳಿಬಿಡಬೇಕೆಂದು ಅವನು ಊರಿಗೆ ಹೊರಟು ನಿಂತಿದ್ದ. ಅಣ್ಣನಿಗೆ ಅದರ ಸುಳಿವೇ ಇರಲಿಲ್ಲ. ಸುಖವಾಗಿದ್ದ.

ಸಂಗತಿ ಏನೆಂದು ಗುರುಗಳು ಕೇಳಲಿಲ್ಲ. “ಕೂತುಕೋ” ಎಂದು ಕತೆ ಶುರುಮಾಡಿದರು.

ಐರ್ಲೆಂಡ್ ದೇಶದಲ್ಲಿ ಹರ್ಲಿಂಗ್ ಎಂಬ ಆಟವಿದೆ. ಪ್ರತಿಯೊಬ್ಬನ ಕೈಯಲ್ಲಿ ಒಂದು ಮರದ ಕೋಲು, ಎಲ್ಲರಿಗೂ ಸೇರಿ ಒಂದು ಚಿಕ್ಕ ಚೆಂಡು. ಚೆಂಡು ಎರಡು ಎತ್ತರದ ಕಂಬಗಳ ನಡುವೆ ಹಾರಿಹೋದರೆ ಒಂದು ಅಂಕ. ಆಡುವವರಿಗೆ ಸಂಬಳವಿಲ್ಲ. ಭಾನುವಾರ ಜನ ಅವರನ್ನು ಹೆಗಲ ಮೇಲೆ ಹೊತ್ತು ಕುಣಿದರೂ ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯಲೇಬೇಕು. ಕಂಬಗಳ ಬಳಿ ನಿಲ್ಲುವುದಕ್ಕೆ ತೀರ್ಪುಗಾರ ತನ್ನೂರಿನ ನಾಲ್ವರನ್ನು ತಾನೇ ಕರೆದುಕೊಂಡು ಬರುತ್ತಾನೆ. ಅವರು ಬಿಳಿ ಕೋಟು ತೊಟ್ಟು ನಿಂತು, ಅಂಕವಾದರೆ ಬಿಳಿ ಬಾವುಟ ಎತ್ತುತ್ತಾರೆ.

ಒಂದು ವರ್ಷ ರಾಷ್ಟ್ರಮಟ್ಟದ ಅಂತಿಮ ಪಂದ್ಯಕ್ಕೆ ಹೀಗೆ ಬಂದವನು ಒಬ್ಬ ಕುರಿಗಾಹಿ. ಅವನ ಪಕ್ಕದಲ್ಲೇ ಗೋಲು ಕಾಯುತ್ತಿದ್ದವನು ಒಬ್ಬ ಬೇಕರಿಯವನು. ಬೇಕರಿಯವನ ಸೀಮೆಯ ತಂಡ ಗೆದ್ದು ನಲವತ್ತೊಂದು ವರ್ಷವಾಗಿತ್ತು. ಅವನಿಗೂ ವಯಸ್ಸಾಗಿತ್ತು. ಮರುವರ್ಷ ಅವನನ್ನು ಯಾರೂ ಆಡಿಸುವುದಿಲ್ಲವೆಂದು ಅವನಿಗೇ ಗೊತ್ತಿತ್ತು. ಆದರೂ ಅವನ ಬಾಯಿ ಸುಮ್ಮನಿರುವ ಬಾಯಲ್ಲ. ಚೆಂಡು ದೂರ ಹೋದಾಗಲೆಲ್ಲ ಕುರಿಗಾಹಿಯನ್ನು ಮಾತಾಡಿಸುತ್ತಿದ್ದ.

“ಕೋಟು ಯಾರದು ಸ್ವಾಮಿ? ನಿಮ್ಮದಂತೂ ಅಲ್ಲ. ನಿಮ್ಮಂಥವರು ಇನ್ನೊಬ್ಬರು ಅದರೊಳಗೆ ಹಿಡಿಸುತ್ತಾರೆ.”

ಕುರಿಗಾಹಿ ನಕ್ಕ. ಅವನ ಊರಿನಲ್ಲಿ ಮಾತಾಡಿಸಿದವರಿಗೆ ಮುಖ ಕೊಟ್ಟೇ ಉತ್ತರ ಹೇಳಬೇಕು. ಬೇರೆಲ್ಲೋ ನೋಡುತ್ತ ಹೇಳಿದರೆ ಅದು ಸೊಕ್ಕು.

ಕೊನೆಯ ನಿಮಿಷ ಬಂತು. ಎರಡೂ ಕಡೆ ಸಮ. ಹಾಗೇ ಮುಗಿದರೆ ಇನ್ನೊಂದು ಭಾನುವಾರ ಮತ್ತೆ ಆಡಬೇಕು. ಚೆಂಡು ಮೈದಾನದ ನಡುವೆ ಇತ್ತು. “ಈ ಸಲ ಉಣ್ಣೆ ಕತ್ತರಿಸಿದ್ದಾಯ್ತೇ?” ಎಂದು ಬೇಕರಿಯವನು ಕೇಳಿದ. ಕುರಿಗಾಹಿ ಅವನ ಕಡೆ ತಿರುಗಿ, “ಅರ್ಧ ಆಯ್ತು” ಎಂದ. ಅಷ್ಟರಲ್ಲಿ ಎದುರು ಪಕ್ಷದ ಒಬ್ಬ ನಡುವಿನಿಂದಲೇ ಹೊಡೆದ. ಚೆಂಡು ಕುರಿಗಾಹಿಯ ಕಂಬದ ನೇರಕ್ಕೆ, ಕಂಬಕ್ಕಿಂತ ಎಷ್ಟೋ ಎತ್ತರದಲ್ಲಿ ದಾಟಿತು. ಒಳಗೋ ಹೊರಗೋ, ಕಂಬದ ಬುಡದಲ್ಲಿ ನಿಂತವನು ಮಾತ್ರ ಹೇಳಬಲ್ಲ. ಅವನು ನೋಡಿರಲಿಲ್ಲ. ಹಿಂದೆ ಕೂತಿದ್ದ ಎದುರು ಪಕ್ಷದ ಜನ ಗೆದ್ದೆವೆಂದು ಕೂಗಿದರು. ಆ ಕೂಗಿಗೆ ಅವನ ಕೈ ಬಾವುಟ ಎತ್ತಿತು. ತೀರ್ಪುಗಾರ ಬಾವುಟವನ್ನು ನಂಬಿದ. ಬೇಕರಿಯವನ ಪಕ್ಷ ಒಂದು ಅಂಕದಿಂದ ಸೋತು ಆಟ ಮುಗಿಯಿತು.

ಒಂಬತ್ತು ವರ್ಷ ಕುರಿಗಾಹಿಗೆ ಊಟ ರುಚಿಸಲಿಲ್ಲ. ಚರ್ಚಿಗೆ ಹೋದರೂ ಕಂಬ, ಕೊಟ್ಟಿಗೆಗೆ ಹೋದರೂ ಕಂಬ. ಕೊನೆಗೆ ರೈಲು ಹತ್ತಿ ಬೇಕರಿಗೆ ಹೋದ.

ಬೇಕರಿಯವನು ಹಿಟ್ಟು ನಾದುತ್ತಿದ್ದ. ನೋಡಿದ ಕೂಡಲೇ ಗುರುತು ಹಿಡಿದ. “ಬನ್ನಿ ಕೋಟಿನ ಸ್ವಾಮಿ. ಈಗಲಾದರೂ ಸ್ವಲ್ಪ ದಪ್ಪ ಆಗಬಾರದೇ?” ಎಂದ. ಆಮೇಲೆ ಅಂಗಡಿಯಲ್ಲಿದ್ದವರಿಗೆಲ್ಲ ಆ ಪಂದ್ಯದ ಕತೆ ಹೇಳಿದ. ಪ್ರತಿದಿನ ಹೇಳಿ ಹೇಳಿ ಕತೆ ನುಣುಪಾಗಿತ್ತು. “ನಮ್ಮದೇನೂ ತಪ್ಪಿರಲಿಲ್ಲ. ಅವನು ಹೊಡೆದ ಹೊಡೆತ ಹಾಗಿತ್ತು, ಅಷ್ಟೇ” ಎಂದು ಮುಗಿಸಿದ.

ಜನ ಹೋದ ಮೇಲೆ ಕುರಿಗಾಹಿ ಹೇಳಿದ: “ಆ ಚೆಂಡನ್ನು ನಾನು ನೋಡಲೇ ಇಲ್ಲ.”

ಹಿಟ್ಟಿನ ಮೇಲಿನ ಕೈ ನಿಂತಿತು. “ಕಂಬದ ಬುಡದಲ್ಲೇ ಇದ್ದಿರಲ್ಲ. ಮತ್ತೇನು ನೋಡುತ್ತಿದ್ದಿರಿ?”

ಇಷ್ಟು ದೂರ ಬಂದು ಅರ್ಧ ಸತ್ಯ ಹೇಳುವುದಕ್ಕೆ ಕುರಿಗಾಹಿಗೆ ಮನಸ್ಸಾಗಲಿಲ್ಲ. “ನಿಮ್ಮನ್ನು” ಎಂದ. “ಉಣ್ಣೆಯ ವಿಚಾರ ಕೇಳಿದಿರಿ.”

ಬೇಕರಿಯವನು ಬಯ್ಯಲಿಲ್ಲ. ಒಂದು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟ. ಊರು ಮುಟ್ಟುವವರೆಗೂ ಕುರಿಗಾಹಿ ರೈಲಿನಲ್ಲಿ ಚೆನ್ನಾಗಿ ನಿದ್ದೆ ಮಾಡಿದ. ಬೇಕರಿಗೆ ಬರುವವರು ಅಂದಿನಿಂದ ಬೇಕಾದದ್ದನ್ನು ಬೆರಳಿನಿಂದ ತೋರಿಸಿ ತೆಗೆದುಕೊಂಡು ಹೋಗುತ್ತಾರೆ. ಒಳಗಿನವನು ಯಾರನ್ನೂ ಏನನ್ನೂ ಕೇಳುವುದಿಲ್ಲ.

ಗುರುಗಳು ನಿಲ್ಲಿಸಿದರು.

“ಏನೇ ಆಗಲಿ, ಕುರಿಗಾಹಿಗೆ ನೆಮ್ಮದಿ ಸಿಕ್ಕಿತಲ್ಲ ಗುರುಗಳೇ?” ಎಂದ ಮಹಾಬಲ.

“ಸಿಕ್ಕಿತು” ಎಂದರು ಗುರುಗಳು. “ಬೇಕರಿಯವನ ಹತ್ತಿರ ಇದ್ದ ನೆಮ್ಮದಿಯೂ ಅದೊಂದೇ.”