ಜವರ ಮೀನು ಸಾಕಿದ್ದು

ಹೂಂಗುಟ್ಟುತ್ತಾ ಕೇಳಿ, ನಗು ಬಂದರೆ ನಗಿ. ದೇವೀರಮ್ಮ ಅಂತ ಒಬ್ಬಳಿದ್ದಳು, ಗಂಡನಿಲ್ಲದವಳು. ಒಬ್ಬನೇ ಮಗ, ಜವರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೇ ಅವಳ ಸಂಕಟ. ಹಿತ್ತಲ ಸಿಮೆಂಟು ತೊಟ್ಟಿಗಳಲ್ಲಿ ಬಣ್ಣದ ಮೀನು ಮರಿ ಮಾಡಿಸಿ ಪೇಟೆಯ ಅಂಗಡಿಗೆ ಕೊಟ್ಟರೆ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಮೀನು ಸತ್ತರೆ ಒಲೆಯೂ ಇಲ್ಲ.

ಒಂದು ದಿನ ಅವಳು, "ನೀರು ನಾರ್ತಾ ಅದೆ ಕಣೋ, ಹೊಸ ನೀರು ಬಿಡು" ಅಂದಳು. ಜವರ ಹಳೇ ನೀರನ್ನೆಲ್ಲ ಬಸಿದ, ನಲ್ಲಿ ತಿರುಗಿಸಿ ತುಂಬಿಸಿದ. ಬ್ಲೀಚಿಂಗ್ ಪುಡಿ ಹಾಕಿದ ನೀರು! ಸಂಜೆಗೆ ಆ ತೊಟ್ಟಿಯ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದವು.

"ಅಯ್ಯೋ ಮಂಕೇ! ಹೊಸದಾಗಿ ಬಂದದ್ದನ್ನ ಒಂದು ಹಗಲು ಬಿಸಿಲಿಗಿಟ್ಟು ಆಮೇಲೆ ತೊಟ್ಟಿಗೆ ಬಿಡಬೇಕು!"

"ಸರಿ ಕಣವ್ವ."

ಪೇಟೆಯಿಂದ ಹೊಸ ತಾಯಿಮೀನು ಬಂದವು, ಪ್ಲಾಸ್ಟಿಕ್ ಕವರಿನಲ್ಲಿ. ಹೊಸದಾಗಿ ಬಂದದ್ದಲ್ಲವೇ? ಜವರ ಕವರನ್ನು ಬಿಸಿಲಿನ ಚಪ್ಪಡಿ ಮೇಲಿಟ್ಟು ಕಾವಲು ಕೂತ. ಸಂಜೆ ನೋಡಿದರೆ ಮೀನು ಬೆಂದಿದ್ದವು.

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಕವರಲ್ಲಿ ಬಂದದ್ದನ್ನ ಕವರ್ ಸಮೇತ ತೊಟ್ಟೀಲಿ ತೇಲಿಬಿಡಬೇಕು. ಆಮೇಲೆ ಬಾಯಿ ಬಿಚ್ಚಿ ಮೆಲ್ಲಗೆ ಬಿಡಬೇಕು!"

"ಮೊದಲೇ ಹೇಳಬಾರದೇನವ್ವ?"

ಆಮೇಲೆ ಬಂದದ್ದು ಮೀನಿನ ಮೇವು. ಅದೂ ಕವರಿನಲ್ಲೇ. ಮೀನು ಉಳಿದಿದ್ದ ಒಂದೇ ತೊಟ್ಟಿಯಲ್ಲಿ ತೇಲಿಬಿಟ್ಟ, ಬಾಯಿ ಬಿಚ್ಚಿದ, ಮೆಲ್ಲಗೆ ಬಿಟ್ಟ, ಅಷ್ಟನ್ನೂ. ನೀರು ಗಂಜಿಯಾಯಿತು, ಹುಳಿತು ನಾತ ಹೊಡೆಯಿತು. ಮೀನುಗಳು ಉಸಿರಿಗಾಗಿ ಮೇಲೆ ಬಂದು ಬಾಯಿ ಬಾಯಿ ಬಿಟ್ಟು ಸತ್ತವು. ಉಳಿದದ್ದು ಒಂದೇ ಕೆಂಪು ಮೀನು, ಅದೂ ವಾಲಿಕೊಂಡು.

ಬಯ್ಯಲು ದೇವೀರಮ್ಮನಿಗೆ ತ್ರಾಣವಿರಲಿಲ್ಲ. "ಕಾಯಿಲೆ ಬಿದ್ದದ್ದನ್ನ ಬೇರೆ ತೊಟ್ಟಿಗೆ ಹಾಕಪ್ಪ. ನೀರಿಗೆ ಕಲ್ಲುಪ್ಪು ಹಾಕು. ಗೋಣಿ ಮುಚ್ಚು, ಮೇವು ಕೊಡಬೇಡ. ತೇಲದೆ ಇದ್ದರೆ ಬದುಕ್ತು ಅಂತ ತಿಳ್ಕೊ."

ಜವರ ಒಂದೂ ತಪ್ಪದೆ ಮಾಡಿದ. ಮೀನು ಬದುಕಿತು! ಅವ್ವ ಮೊದಲ ಸಲ ಅವನ ತಲೆ ಸವರಿದಳು.

ಆದರೆ ಒಂದು ಮೀನಿನಿಂದ ಒಲೆ ಹೊತ್ತೀತೇ? ಹೊಟ್ಟೆಗಿಲ್ಲದೆ ದೇವೀರಮ್ಮ ಜ್ವರ ಬಂದು ಮಲಗಿದಳು. ಮೈಮೇಲೆ ಎಚ್ಚರವಿಲ್ಲ.

ಪಕ್ಕದ ಮನೆಯ ಸಾಕಮ್ಮ ಗಂಜಿ ತಂದಳು. ಚಾಪೆ ಖಾಲಿ. ಹಿತ್ತಲಿಗೆ ಬಂದರೆ ಗೋಣಿ ಮುಚ್ಚಿದ ತೊಟ್ಟಿಯ ಪಕ್ಕ ಜವರ ಉಪ್ಪಿನ ಚೀಲ ಹಿಡಿದು ಕೂತಿದ್ದ.

"ನಿಮ್ಮವ್ವ ಎಲ್ಲೋ?"

"ಮೆತ್ತಗೆ ಮಾತಾಡಕ್ಕ. ಗಂಜಿ ಕೊಡಂಗಿಲ್ಲ, ಗುಣ ಆಯ್ತಾ ಅದೆ." ಜವರ ಗೋಣಿಯ ಅಂಚು ಎತ್ತಿ ಇಣುಕಿದ, ಮುಖ ಅರಳಿತು. "ಬೆಳಗಿಂದ ತಳದಲ್ಲೇ ಅವ್ಳೆ ನೋಡು, ತೇಲೇ ಇಲ್ಲ!"