ಕಣ್ಣು ತೆರೆಯದ ಮುಖವಾಡ

ಒಂದು ಕಾಡಿನಲ್ಲಿ ಒಂದು ಹಾಲೆಮರವಿತ್ತು. ಮರ ಅಂದರೆ ಅದು ಮರ! ಹನ್ನೆರಡು ಆನೆಗಳು ಒಂದರ ಬಾಲ ಇನ್ನೊಂದು ಹಿಡಿದು ಸುತ್ತ ನಿಂತರೂ ಇನ್ನೂ ಒಂದು ಮರಿಯಾನೆ ಬೇಕಾಗುತ್ತಿತ್ತು. ವರ್ಷಕ್ಕೊಮ್ಮೆ ಹಬ್ಬಕ್ಕೆ ಅದರ ಕೊಂಬೆಯ ತುಂಡಿನಲ್ಲಿ ಕಾಡಿನ ದೇವಿ ಬನದಮ್ಮನ ಮುಖವಾಡ ಕೆತ್ತಬೇಕು. ಕೆತ್ತಿದವರಿಗೆ ಆ ಮರದ ಪೊಟರೆ ಸಿಗುತ್ತಿತ್ತು.

ಆ ವರ್ಷ ಕೆತ್ತಿದವಳು ಮರಕುಟಿಗ ಹಕ್ಕಿ ತಿಪ್ಪಕ್ಕ. ಮೊಟ್ಟೆ ಇಡುವ ದಿನ ಹತ್ತಿರ ಬಂದಿತ್ತು; ಪೊಟರೆ ಬೇಕೇ ಬೇಕಿತ್ತು. ತಿಂಗಳಿಡೀ ಕುಟ್ಟಿ ಕುಟ್ಟಿ ಅವಳ ಕೊಕ್ಕು ಅರ್ಧ ಸವೆದಿತ್ತು. ಕಣ್ಣು ಎರಡನ್ನು ಮಾತ್ರ ಮುಟ್ಟಿರಲಿಲ್ಲ. ಕಣ್ಣನ್ನು ಎಲ್ಲರ ಎದುರಿಗೇ ತೆರೆಯಬೇಕು, ಅದು ಕೆತ್ತುವವರ ಕಟ್ಟಳೆ.

ಹಬ್ಬದ ಬೆಳಿಗ್ಗೆ ಅವಳು ನೀರು ಕುಡಿದು ಬರುವಷ್ಟರಲ್ಲಿ ನರಿಯೊಂದು ಆ ಮುಖವಾಡ ಹೊತ್ತುಕೊಂಡು ಸಭೆಯ ನಡುವೆ ನಿಂತಿತ್ತು!

"ನೋಡಿ, ನಾನೇ ಕೆತ್ತಿದ್ದು. ಪೊಟರೆ ನನ್ನದು."

ತಿಪ್ಪಕ್ಕನ ಮೈಯೆಲ್ಲ ಉರಿದುಹೋಯಿತು. "ಥೂ ಕಳ್ಳಾ! ಕೊಕ್ಕಿಲ್ಲ, ಉಳಿಯಿಲ್ಲ, ಬಾಲದಲ್ಲಿ ಕೆತ್ತಿದೆಯೇನೋ?"

"ಹಲ್ಲಿನಲ್ಲಿ ಕೆತ್ತಿದೆ ತಾಯಿ," ಎಂದು ನರಿ ಹಲ್ಲು ಕಿರಿಯಿತು. "ಇಷ್ಟು ಸಣ್ಣ ಹಕ್ಕಿ ಇಷ್ಟು ದೊಡ್ಡ ಮುಖ ಕೆತ್ತುವುದುಂಟೇ? ನೀವೇ ಹೇಳಿ."

ಕರಡಿ ಹೌದೌದೆಂದಿತು. ಜಿಂಕೆಗಳೂ ಹೌದೌದೆಂದವು. ತಿಂಗಳಿಡೀ ಟಕ್ ಟಕ್ ಕೇಳಿದ ಕಿವಿಗಳೇ ಅವು! ಒಬ್ಬರಾದರೂ ನಿಜ ಹೇಳಬಾರದೇ? ತಿಪ್ಪಕ್ಕನಿಗೆ ನರಿಗಿಂತ ಅವರ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಆನೆಯಜ್ಜ ಸೊಂಡಿಲೆತ್ತಿದ. "ಆಗಲಿ ನರಿಯಪ್ಪಾ. ಹಾಗಾದರೆ ಕಣ್ಣು ತೆರೆ."

"ತೆರೆದೇ ಇದೆಯಲ್ಲ ಅಜ್ಜಾ!" ನರಿ ತನ್ನ ಕಣ್ಣು ಅಗಲಿಸಿತು.

"ನಿನ್ನದಲ್ಲವೋ, ಅಮ್ಮನದು!"

ಬೇರೆ ದಾರಿಯಿಲ್ಲದೆ ನರಿ ಮುಖವಾಡದ ಕಣ್ಣಿಗೆ ಬಾಯಿ ಹಾಕಿ ಕಚಕ್ ಎಂದು ಕಚ್ಚಿತು. ಹಸಿ ಮರ. ಒಳಗೆ ಹೋದ ಹಲ್ಲು ಹೊರಗೆ ಬರಲೇ ಇಲ್ಲ. ಮರದ ಕಹಿ ಹಾಲು ಗಂಟಲಿಗಿಳಿಯಿತು. ಎಳೆದಷ್ಟೂ ಬಿಗಿಯಾಯಿತು.

"ಈಗ ಹೇಳು, ಕೆತ್ತಿದ್ದು ನೀನೇನೋ?" ಎಂದ ಆನೆಯಜ್ಜ.

ಹಲ್ಲು ಬಿಡಿಸಿಕೊಳ್ಳಲು ನರಿ ತಲೆ ಕೊಡವಿತು. ಅದರ ಜೊತೆಗೆ ಬನದಮ್ಮನ ದೊಡ್ಡ ಮುಖವೂ "ಅಲ್ಲ, ಅಲ್ಲ" ಎನ್ನುವಂತೆ ಅತ್ತಿಂದಿತ್ತ ಆಡಿತು. ಕಾಡಿಗೆ ಕಾಡೇ ಬಿದ್ದು ಬಿದ್ದು ನಕ್ಕಿತು.

ತಿಪ್ಪಕ್ಕ ನಗಲಿಲ್ಲ. ಹಾರಿ ಬಂದು ಮುಖವಾಡದ ಮೇಲೆ ಕೂತಳು. "ಅಲುಗಾಡಬೇಡ! ಕೊಕ್ಕು ತಪ್ಪಿದರೆ ನಿನ್ನ ಮೂಗಿಗೇ." ಟಕ್ ಟಕ್ ಟಕ್! ಅಮ್ಮನ ಕಣ್ಣು ತೆರೆಯಿತು, ನರಿಯ ಹಲ್ಲು ಬಿಟ್ಟಿತು. ಮೂರು ಕಾಡು ದಾಟುವವರೆಗೆ ನರಿ ತಿರುಗಿ ನೋಡಲಿಲ್ಲ.

ಕರಡಿ, ಜಿಂಕೆಗಳು ತಲೆ ತಗ್ಗಿಸಿ ದಾರಿ ಬಿಟ್ಟವು. ತಿಪ್ಪಕ್ಕ ಯಾರನ್ನೂ ಮಾತಾಡಿಸದೆ ಪೊಟರೆಗೆ ಹಾರಿದಳು.

ನೀತಿ: ಇನ್ನೊಬ್ಬರ ದುಡಿಮೆಯನ್ನು ತನ್ನದೆಂದವನು ಕೆಲಸ ಮಾಡಿ ತೋರಿಸುವ ಹೊತ್ತಿಗೆ ಸಿಕ್ಕಿಬೀಳುತ್ತಾನೆ, ಗೊತ್ತಿದ್ದೂ ಅವನಿಗೆ ಹೌದೆಂದವರೂ ಕಳ್ಳರೇ.